ದೊಡ್ಡ ಮಗಳು ಮಾರಿಸೊಲ್

ಆಳಂದ
29 ಆಗಸ್ಟ್ 1988

ಅವ್ವಾ,

ಪಂಚಮಿಗೆ ಭೂಸನೂರಿಗೆ ಹೋಗಿ ಬಂದಿರುತ್ತೀ. ನಿನ್ನ ತಮ್ಮ ಸೈದಪ್ಪ ಮಾಮಾ ಹೋದ ವರ್ಷದ ಹಾಗೆ ಟ್ರ್ಯಾಕ್ಟರ್ ತಗೊಂಡೇ ಬಂದು ತನ್ನ ಅಕ್ಕನನ್ನು ಕರೆದೊಯ್ದನೇನು? ನಿನ್ನ ತವರಿನ ಬೇವಿನ ಗಿಡಕ್ಕೆ ಕಟ್ಟಿದ ಜೋಕಾಲಿಯಲ್ಲಿ ನೀನು ಜೀಕುವುದನ್ನು ನಾನಿಲ್ಲಿ ಹಾಸ್ಟೆಲಿನ ಕಿಟಕಿಗೆ ತಲೆ ಆನಿಸಿ, ಕಣ್ಣು ಮುಚ್ಚಿ ನೋಡಿದೆ. ವರ್ಷಕ್ಕೆ ಆ ಎರಡು ದಿನ ನೀನು ಯಾರ ಹೆಂಡತಿಯೂ ಅಲ್ಲ, ಯಾರ ತಾಯಿಯೂ ಅಲ್ಲ. ಸೆರಗು ತಲೆಯಿಂದ ಜಾರಿ ಹಿಂದೆ ಹಾರುತ್ತಿರುತ್ತದೆ. ನೀನು ಅದನ್ನು ಎಳೆದುಕೊಳ್ಳುವುದಿಲ್ಲ.

ಇಲ್ಲಿ ಹೊಸ ಸುದ್ದಿ. ನನ್ನ ಕೋಣೆಗೆ ಮಾರಿಸೊಲ್ ಎಂಬ ಹುಡುಗಿ ಬಂದಿದ್ದಾಳೆ. ಅಮೇರಿಕದವಳು, ಆದರೆ ಬಿಳಿಯಳಲ್ಲ, ನಮ್ಮದೇ ಬಣ್ಣ. ಅವಳ ಅಜ್ಜ ಅಜ್ಜಿ ಮೆಕ್ಸಿಕೋ ದೇಶದಿಂದ ಹೊಳೆ ದಾಟಿ ಕೂಲಿಗೆ ಬಂದವರು. ಮನೆಯಲ್ಲಿ ಒಂದು ಭಾಷೆ, ಶಾಲೆಯಲ್ಲಿ ಇನ್ನೊಂದು. "ನನ್ನ ಎರಡು ಭಾಷೆಗಳೂ ಬೇರೆ ಬೇರೆ ಜೋಡಿಯ ಚಪ್ಪಲಿ, ಕುಂಟುತ್ತಲೇ ನಡೆಯುತ್ತೇನೆ" ಎನ್ನುತ್ತಾಳೆ. ಮೆಕ್ಕೆಜೋಳದ ರೊಟ್ಟಿ ತಿನ್ನುತ್ತಾರಂತೆ. ಅವಳಪ್ಪ ಪರರ ಹೊಲದಲ್ಲಿ ಸಕ್ಕರೆ ಗಡ್ಡೆ ಕೀಳುತ್ತಾನೆ. ಅವಳವ್ವ ಮಾತೇ ಆಡುವುದಿಲ್ಲ. ಮಾರಿಸೊಲ್ ಹೇಳುವುದನ್ನು ಕೇಳು: "ನನ್ನ ಅವ್ವನ ಮೌನ ನೀರು ನಿಂತ ನಲ್ಲಿ. ತಿರುವಿದರೆ ಬರೀ ಗಾಳಿ ಬರುತ್ತದೆ."

ಕಾಲೇಜಿನಲ್ಲಿ ನಮಗೆ ಇಂಗ್ಲಿಷ್ ಕಲಿಸುವ ಗುರುಶಾಂತಮ್ಮ ಬಾಯಿಯವರೇ ಅವಳನ್ನು ನನ್ನ ಕೈಗೆ ಕೊಟ್ಟು, "ಪರೀಕ್ಷಾಕ್ಕ ಮೊದಲ ಇಕಿ ಮ್ಯಾಲ ಒಂದು ಪ್ರಬಂಧ ಬರಿ. ಯಾರು ಎಂಥವರು, ಯಾವುದನ್ನ ಯಾವುದಕ್ಕ ಹೋಲಿಸ್ಯಾರ, ಎಲ್ಲಾ ಬರಿ" ಅಂದರು. ನನಗಿಂತ ಒಂದು ವರ್ಷಕ್ಕೆ ದೊಡ್ಡವಳು. ನನ್ನ ದಿಂಬಿನ ಪಕ್ಕದಲ್ಲೇ ಮಲಗುತ್ತಾಳೆ. ಅವಳು ಬಂದಾಗಿನಿಂದ ಆಳಂದದ ಓಣಿಗಳಲ್ಲಿ ನಡೆದರೆ ಅವಳೂರಿನ ಧೂಳು ನನ್ನ ಕಾಲಿಗೆ ಹತ್ತುತ್ತದೆ. ಅವಳ ಹೊಳೆ ಯಾವುದು, ನಮ್ಮ ಭೀಮೆ ಯಾವುದು ಎಂದು ಗೊಂದಲವಾಗುತ್ತದೆ.

ಇದನ್ನು ಓದಿ ಹೇಳುವ ಖುರ್ಷಿದ ಖಾಲಾಗೆ ಸಲಾಂ.

ನಿನ್ನ ಮಗಳು
ರೇವಮ್ಮ


ಅತನೂರ
20 ಸೆಪ್ಟೆಂಬರ್ 1988

ರೇವಿ,

ನಾ ಹೇಳಾಕತ್ತೇನಿ, ಖುರ್ಷಿದ ಬರ್ಯಾಕತ್ತಾಳ. ಹೊಲಿಗಿ ಮಷೀನ ನಿಂದ್ರಿಸಿ ಕುಂತಾಳ, ಅದಕ್ಕ ಲಗೂ ಹೇಳ್ತೇನಿ.

ನಿನ್ನ ಕೋಣ್ಯಾಗಿನ ಹುಡುಗಿ ಸುದ್ದಿ ಕೇಳಿದೆ. ಅಷ್ಟು ದೂರದಿಂದ ಬಂದಾಳ, ಬೆನ್ನಿಗೆ ಯಾರಿಲ್ಲ. ತಾಯಿ ಇದ್ದೂ ಮಾತಾಡಂಗಿಲ್ಲಂದ್ರ ಅಕಿ ತಬ್ಬಲಿನೇ. ಅಫಜಲಪುರದ ಬಸ್ಸಿನ ಕಂಡಕ್ಟರ್ ದಾವಲಸಾಬನ ಕೈಯಾಗ ಗಂಟು ಕೊಟ್ಟೀನಿ. ಕಡಕ್ ರೊಟ್ಟಿ ಅದಾವ, ಶೇಂಗಾ ಹಿಂಡಿ ಅದ. ಅರ್ಧ ಅಕಿಗೆ. ನೀನೇ ಎಲ್ಲಾ ತಿಂದೀಯಂದ್ರ ನೋಡು ಮತ್ತ.

ಕೆಂಪು ಅರಿವ್ಯಾಗ ಕಟ್ಟಿದ್ದು ಅಕಿ ಉಡಿ. ಜೋಳ, ಕೊಬ್ಬರಿ ಬಟ್ಟಲ, ಅರಿಷಿಣ ಕೊಂಬು, ಕುಬಸದ ಖಣ ಇಟ್ಟೀನಿ. ಮಗಳ ಹತ್ರ ಬಂದ ಹುಡುಗೀನ ಬರಿ ಉಡೀಲೆ ಇಡಬಾರದು. ದೇವರ ಮುಂದ ನಿಂತು ಅಕಿ ಹೆಸರ ಹೇಳಿ ತುಂಬೀನಿ. ಇನ್ನ ಅಕಿ ನಮ್ಮನಿ ಮಗಳು. ನಿನಗಿಂತ ದೊಡ್ಡಾಕಿ ಅಂದೀಯಲ್ಲ, ಅಕ್ಕಾ ಅನ್ನು.

ಇನ್ನೊಂದು ಮಾತು. ನಿನ್ನ ಪರೀಕ್ಷಾ ಮುಗಿದ ಕೂಡ್ಲೆ ಲಗ್ನ ಅಂತ ತಮ್ಮ ಪಂಚಮ್ಯಾಗ ಹೇಳ್ಯಾನ. ನಾ ಹ್ಞೂಂ ಅಂದೀನಿ. ನಿನ್ನಪ್ಪಗ ಕೇಳಿದ್ರ, "ಅದು ಅಕ್ಕ ತಮ್ಮರ ಮಾತು, ನಾ ಯಾಕ ನಡುವ ಬರಲಿ" ಅಂತ ಬೀಡಿ ಹಚ್ಚಿದ.

ನಿಮ್ಮವ್ವ
ನಿಂಬೆವ್ವ (ಹೆಬ್ಬೆಟ್ಟು)

(ಇದು ಖುರ್ಷಿದ. ಖಣ ಯಾಕ, ಕುಬಸನೇ ಹೊಲದು ಕೊಡು ಅಂತ ಕುಂತಿದ್ದಳು ನಿಮ್ಮವ್ವ. ಅಮೇರಿಕಾದ ಹುಡಿಗ್ಯಾರ ಅಳತಿ ನನಗ ಹ್ಯಾಂಗ ಮಾಲೂಮ ಬೇ ಅಂದೆ. ನನ್ನ ಮಗಳ ಅಳತಿಗೆ ಹೊಲಿ, ಇಬ್ಬರೂ ಉಣಲಾರದವರೇ ಅಂದಳು. ರೇವಿ, ನನಗೊಂದು ಶಕ್ ಬಂದದ. ಆ ಹುಡುಗಿ ಖರೇನೇ ಅದಾಳೇನು?)


ಆಳಂದ
12 ಅಕ್ಟೋಬರ್ 1988

ಅವ್ವಾ,

ಖಾಲಾನ ಶಂಕೆ ಸರಿ. ಮಾರಿಸೊಲ್ ಹುಡುಗಿಯೇ, ಆದರೆ ಪುಸ್ತಕದೊಳಗಿನ ಹುಡುಗಿ. ರಟ್ಟು ಹರಿದುಹೋದ ಇಂಗ್ಲಿಷ್ ಕಾದಂಬರಿ. ಹನ್ನೊಂದು ವರ್ಷದವಳಾಗಿ ಶುರುವಾಗಿ ಇಪ್ಪತ್ತೊಂದಕ್ಕೆ ಬಂದು ನಿಲ್ಲುತ್ತಾಳೆ. ಕೋಣೆಗೆ ಬಂದಿದ್ದಾಳೆ ಎಂದು ನಾನು ಸುಮ್ಮನೆ ಚಂದಕ್ಕೆ ಬರೆದೆ. ನಾನು ಹೋಲಿಕೆ ಕಟ್ಟಿದರೆ ನೀನು ರೊಟ್ಟಿ ಕಟ್ಟಿ ಕಳಿಸಿದೆ! ಗೆಳತಿಯರೆಲ್ಲ ಬಿದ್ದು ಬಿದ್ದು ನಕ್ಕರು, ರೊಟ್ಟಿಯನ್ನೂ ತಿಂದರು. ಉಡಿಯ ಗಂಟನ್ನು ಮಾತ್ರ ಬಿಚ್ಚಲು ನನಗೆ ಮನಸ್ಸಾಗಲಿಲ್ಲ. ಪುಸ್ತಕದ ಪಕ್ಕದಲ್ಲಿ ಇಟ್ಟಿದ್ದೇನೆ.

ಈಗ ನಗು ಸಾಕು. ನಿನ್ನ ಕಾಗದದ ಕೊನೆಯ ಮಾತಿಗೆ ಬರುತ್ತೇನೆ.

ನನ್ನನ್ನು ತೊಟ್ಟಿಲಿಗೆ ಹಾಕಿದ ದಿನ ನಿನ್ನ ತಮ್ಮನ ಕೈಯಿಂದ ನನ್ನ ಕಾಲಿಗೆ ಬೆಳ್ಳಿ ಕಡಗ ಹಾಕಿಸಿದಿರಿ. ಅಕ್ಕನ ಮಗಳು ತಮ್ಮನಿಗೆ. ಊರೆಲ್ಲ ಸಕ್ಕರೆ ತಿಂದು ಹೋಯಿತು. ಸಂತೆಯಲ್ಲಿ ದನ ಕೊಳ್ಳುವವನೂ ಅದರ ಹಲ್ಲು ಬರುವ ತನಕ ತಡೆಯುತ್ತಾನೆ ಅವ್ವಾ. ನನಗೆ ಕಣ್ಣು ಸಹ ಸರಿಯಾಗಿ ಬಿಟ್ಟಿರಲಿಲ್ಲ. ಎಲ್ಲರೂ ಇದನ್ನು ಪದ್ಧತಿ ಅನ್ನುತ್ತಾರೆ. ಹೆಣ್ಣಿನ ಬಾಯಿಗೆ ತುರುಕಿದ ಅರಿವೆಗೆ ಹೀಗೆ ಚಂದದ ಹೆಸರು ಇಡುವವರು ಯಾರು? ಅದನ್ನು ಬಾಯೊಳಗೆ ಇಟ್ಟುಕೊಂಡೇ ಸಂಸಾರ ಮಾಡಿದ ನೀನೂ ಈಗ ನನ್ನ ಬಾಯಿಗೆ ಅದನ್ನೇ ಮಡಚುತ್ತಿದ್ದೀಯಾ?

ಸೈದಪ್ಪ ಮಾಮಾ ಕೆಟ್ಟವನಲ್ಲ. ಹೆಗಲ ಮೇಲೆ ಕೂರಿಸಿಕೊಂಡು ನನಗೆ ಊರೆಲ್ಲ ತೋರಿಸಿದವನು. ಅದಕ್ಕೇ ಅವನನ್ನು ಮದುವೆಯಾಗಲಾರೆ. ಆ ಹೆಗಲಿನ ನೆನಪು ನನಗೆ ಹಾಗೇ ಉಳಿಯಬೇಕು. ಓದು ಮುಗಿಸಿ ನಾನು ಶಾಲೆಯಲ್ಲಿ ಕಲಿಸುತ್ತೇನೆ. ಈ ಲಗ್ನ ನನಗೆ ಬೇಡ.

ಕಾದಂಬರಿಯಲ್ಲೂ ಇದೇ ಬಂದಿದೆ. ಮಾರಿಸೊಲ್‌ಳನ್ನು ಅವಳಪ್ಪ ಕೂಲಿಗಳನ್ನು ಸಾಗಿಸುವ ಲಾರಿಯ ಮಾಲಿಕನಿಗೆ ಕೊಡುತ್ತೇನೆಂದು ಮಾತು ಕೊಟ್ಟಿದ್ದಾನೆ. ನಾನು ಅಲ್ಲಿಗೆ ಬಂದು ನಿಂತಿದ್ದೇನೆ. ಪುಟ ತಿರುವಲು ಕೈ ಬರುತ್ತಿಲ್ಲ.

ರೇವಮ್ಮ


ಅತನೂರ
15 ನವೆಂಬರ್ 1988

ರೇವಿ,

ಪುಸ್ತಕದಾಗಿನ ಹುಡುಗಿ ಅಂತ ಖುರ್ಷಿದ ಓದಿ ಹೇಳಿದಳು. ಆಗಲಿ. ಪುಸ್ತಕದಾಗಿನವರಿಗೆ ಹಸಿವು ಇರಂಗಿಲ್ಲೇನು? ಅವರಪ್ಪ ಗಡ್ಡಿ ಕೀಳ್ತಾನ, ರೊಟ್ಟಿ ತಿಂತಾರ ಅಂತ ನೀನೇ ಬರದೀದಿ. ನಾ ದೇವರ ಮುಂದ ಹೆಸರ ಹೇಳಿ ತುಂಬಿದ ಉಡಿ. ಜೋಳ ಮನಿ ಹೊಸ್ತಿಲ ದಾಟ್ಯದ. ಅಕಿ ಪುಸ್ತಕದಾಗ ಇರಲಿ, ಚಂದ್ರಾಮನ ಮ್ಯಾಲ ಇರಲಿ, ಉಡಿ ತುಂಬಿದಾಕಿ ಮಗಳು ಅಲ್ಲಂತ ಹ್ಯಾಂಗ ಅನ್ನಲಿ?

ನಲ್ಲಿ ಅಂತ ಬರದೀಯಲ್ಲ, ನಮ್ಮೂರಾಗ ನಲ್ಲಿ ಎಲ್ಲದ? ಕೈಲೆ ಹೊಡಿಯೋ ಬೋರಿಂಗ ಅನ್ನು, ತಿಳೀತದ. ಹೊಡದು ಹೊಡದು ರಟ್ಟಿ ಸೋತ ಮ್ಯಾಲ ಬೋರಿಂಗ ಖಾಲಿ ಉಸರ ಬಿಡ್ತದಲ್ಲ, ಹಂಗ ಇರಬೇಕು ಅಕಿ ಅವ್ವ. ಆದ್ರ ಬೋರಿಂಗದಾಗ ಕೆಳಗ ನೀರು ಇರ್ತದ. ಹೊಡ್ಯಾವರು ಮೊದಲ ಒಂದು ಚರಗಿ ನೀರ ಸುರೀಬೇಕು.

ನಿನ್ನ ಸಿಟ್ಟು ಕೇಳಿಸಿಕೊಂಡೆ. ಖುರ್ಷಿದ ಜರಾ ಮೆತ್ತಗ ಓದಿದಳು, ಆದರೂ ಸುಟ್ಟಿತು. ನಾ ಏನ ಮಾಡಲಿ? ತಮ್ಮನೂ ನನ್ನವನು, ನೀನೂ ನನ್ನಾಕಿ. ನಮ್ಮಪ್ಪ ಅವ್ವ ಸತ್ತ ಮ್ಯಾಲ ನನಗ ತವರಂದ್ರ ಅವನೊಬ್ಬನೇ. ಅವನು ಕರಿಯಾಕ ಬರಲಿಲ್ಲಂದ್ರ ಪಂಚಮಿ ದಿನ ನಾ ಹೊಸ್ತಿಲದಾಗ ಕುಂತು ಯಾರ ದಾರಿ ನೋಡಲಿ? ಕೊಟ್ಟ ಮಾತು ಹ್ಯಾಂಗ ತಿರುಗಿ ತಗೊಳ್ಳಲಿ?

ಪುಟ ತಿರುವು. ಅಕಿ ಅವ್ವ ಏನಂದಳು, ಅದನ್ನ ಬರದು ಕಳಸು.

ನಿಂಬೆವ್ವ (ಹೆಬ್ಬೆಟ್ಟು)

(ಖುರ್ಷಿದ: ಮೆತ್ತಗ ಓದಿದ್ದು ಖರೇ. ದನದ ಮಾತು ಬಿಟ್ಟು ಓದಿದ್ದೆ. ಏನೋ ಬಿಟ್ಟೀದಿ ಅಂತ ನನ್ನ ಕೈ ಹಿಡದು ಮತ್ತ ಓದಿಸಿದಳು.)


ಆಳಂದ
14 ಜನವರಿ 1989

ಅವ್ವಾ,

ನಿನ್ನ ತಮ್ಮ ನಿನ್ನೆ ಬಂದಿದ್ದ. ಕಬ್ಬಿನ ಹಂಗಾಮಿನ ನಡುವೆ ಟ್ರ್ಯಾಕ್ಟರನ್ನು ಹಾಸ್ಟೆಲಿನ ಗೇಟಿಗೆ ಅಡ್ಡ ನಿಲ್ಲಿಸಿ, ಹೊಸ ರುಮಾಲು ಸುತ್ತಿಕೊಂಡು, ಒಂದು ಗಳ ಕಬ್ಬು ಕೈಯಲ್ಲಿ ಹಿಡಿದು ನಿಂತಿದ್ದ.

"ಎಲ್ಲಿದಾಳ ದೊಡ್ಡಾಕಿ?" ಅಂದ.

"ಯಾವ ದೊಡ್ಡಾಕಿ ಮಾಮಾ?"

"ಎಳ್ಳ ಅಮಾಸಿಗೆ ನಿಮ್ಮ ಹೊಲಕ್ಕ ಭೂಮಿತಾಯಿಗೆ ಚರಗ ಚೆಲ್ಲಾಕ ಬಂದಿದ್ದೆ. ಲಗ್ನದ ದಿನ ಹಿಡಿಯೋಣೇನು ಅಕ್ಕಾ ಅಂದ್ರ, 'ದೊಡ್ಡ ಮಗಳ ಲಗ್ನ ಆಗಲಾರದ ಸಣ್ಣಾಕಿದು ಹ್ಯಾಂಗ ಮಾಡಲಿ, ಆಳಂದದಾಗ ರೇವಿ ಕೋಣ್ಯಾಗ ಅದಾಳ, ನಾ ಉಡಿ ತುಂಬೀನಿ' ಅಂತಾಳ. ಸಜ್ಜಿ ಕಡಬು ನನ್ನ ಗಂಟಲದಾಗ ನಿಂತು ಬಿಡ್ತು. ಅಕ್ಕಗ ನನಗ ಗೊತ್ತಿರಲಾರದ ಮಗಳು ಯಾವಾಗ ಹುಟ್ಟಿದಳು?"

ನಾನು ಒಳಗೆ ಹೋಗಿ ಪುಸ್ತಕ ತಂದು ಅವನ ಕೈಯಲ್ಲಿಟ್ಟೆ. ಉಡಿಯ ಗಂಟನ್ನೂ ಅದರ ಮೇಲೆ ಇಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದ. "ಇದಕ್ಕ ವರಾ ಎಲ್ಲಿ ಹುಡುಕಲಿ ಬೇ? ಕಪಾಟಿನಾಗೇನು?" ಎಂದು ಹೋ ಎಂದು ನಕ್ಕ. ನಾನೂ ನಕ್ಕೆ. ಆಮೇಲೆ ಅವನ ನಗು ನಿಂತಿತು. ನನ್ನದೂ ನಿಂತಿತು.

"ನೀ ಒಲ್ಲೆ ಅಂತಿ, ಹೌದಲ್ಲೊ?"

"ಹೌದು ಮಾಮಾ."

"ನಿನ್ನ ಕಾಲಿಗೆ ಕಡಗ ಹಾಕಿದಾಗ ನನಗ ಮೀಸಿ ಬಂದಿರಲಿಲ್ಲ ರೇವಿ. ನನ್ನನ್ನ ಯಾರು ಕೇಳಿದ್ರು? ಊರಾಗಿನ ನನ್ನ ವಯಸ್ಸಿನ ವಾರಿಗಿಯವರ ಮಕ್ಕಳು ಸಾಲಿಗೆ ಹೊಂಟಾವ. ನಾ ಕಾದೆ." ಇಷ್ಟು ಹೇಳಿ ಕಬ್ಬನ್ನು ಗೇಟಿಗೆ ಆನಿಸಿಟ್ಟು ಹೊರಟ. "ಈ ಮಾತು ನೀ ಅಂದದ್ದು ನಾ ಕೇಳಿಲ್ಲ ಅಂತ ತಿಳಿ. ನಾ ಅಕ್ಕನ ಬಾಯಿಲೆ ಕೇಳ್ತೇನಿ" ಅಂದ. ಅವನ ಮೇಲೆ ಇಟ್ಟುಕೊಂಡಿದ್ದ ಸಿಟ್ಟನ್ನು ಎಲ್ಲಿ ಇಳಿಸಬೇಕೆಂದು ನನಗೆ ತಿಳಿಯಲಿಲ್ಲ. ಆ ತೊಟ್ಟಿಲು ನುಂಗಿದ್ದು ನನ್ನೊಬ್ಬಳನ್ನೇ ಅಲ್ಲ.

ನೀನು ಮಾಡಿದ್ದಕ್ಕೆ ಮೊದಲು ನಕ್ಕೆ, ಆಮೇಲೆ ಅತ್ತೆ, ಈಗ ಬಯ್ಯುತ್ತಿದ್ದೇನೆ. ಕಾಗದದ ಹುಡುಗಿಯನ್ನು ಮುಂದೆ ನಿಲ್ಲಿಸಿ ನೀನು ಹಿಂದೆ ಅಡಗಿಕೊಂಡೆ. ನನ್ನ ಮಗಳು ಒಲ್ಲೆ ಅನ್ನುತ್ತಾಳೆ ಎಂಬ ಸಣ್ಣ ಮಾತು ನಿನ್ನ ಬಾಯಿಂದ ಬರಲಿಲ್ಲ. ಪುಸ್ತಕಕ್ಕೆ ಕೊನೆಯ ಪುಟ ಇರುತ್ತದೆ ಅವ್ವಾ. ಅದು ಮುಗಿದ ದಿನ ಯಾರ ಹಿಂದೆ ನಿಲ್ಲುತ್ತೀ?

ಮಾರಿಸೊಲ್‌ಳ ಅವ್ವ ಏನಂದಳು ಅಂತ ನೀನು ಕೇಳಿದ್ದೆ. ಸುಳ್ಳು ಬರೆಯಬೇಕು ಅನ್ನಿಸಿತ್ತು. ಅವಳವ್ವ ಎದ್ದು ನಿಂತು ಗಂಡನ ಮುಖಕ್ಕೆ ಬೇಡ ಅಂದಳು ಎಂದು ಬರೆದರೆ ನಿನಗೂ ಧೈರ್ಯ ಬಂದೀತು ಎಂದುಕೊಂಡೆ. ಬರೆಯಲಾರೆ. ಅವಳು ಏನೂ ಅನ್ನಲಿಲ್ಲ. ತಾಟು ತೊಳೆಯುತ್ತ ನಿಂತಳು. ಬೆಳಗು ಹರಿಯುವಾಗ ಮಾರಿಸೊಲ್ ಗಡ್ಡೆ ತುಂಬಿದ ಲಾರಿ ಹತ್ತಿ ತಾನೇ ಹೊರಟುಹೋಗುತ್ತಾಳೆ. ಲಾರಿ ತಿರುಗುವಾಗ ಮನೆಯ ಕಿಟಕಿಯ ಗಾಜಿನ ಹಿಂದೆ ಅವ್ವನ ಕೈ ಆಡುವುದು ಕಾಣುತ್ತದೆ. ಕೈ ಬೀಸಿದಳೋ, ಗಾಜು ಒರೆಸಿದಳೋ ಗೊತ್ತಾಗುವುದಿಲ್ಲ. ಅಲ್ಲಿಗೆ ಕಾದಂಬರಿ ಮುಗಿಯಿತು.

ಗುರುಶಾಂತಮ್ಮ ಬಾಯಿಯವರು ಆ ಕೈಯೇ ಇಡೀ ಪುಸ್ತಕದ ದೊಡ್ಡ ಸಂಕೇತ, ಅದರ ಮೇಲೆ ಒಂದು ಪುಟ ಬರಿ ಎನ್ನುತ್ತಾರೆ. ಬರೆಯುತ್ತೇನೆ. ಆದರೆ ನನಗೆ ಸಂಕೇತದಂಥ ತಾಯಿ ಬೇಡ. ನಿನ್ನೆ ಕನಸಿನಲ್ಲಿ ನಾನು ಆ ಲಾರಿಯ ಮೇಲಿದ್ದೆ. ಗಾಜಿನ ಹಿಂದೆ ನೀನಿದ್ದೆ. ನಿನ್ನ ಕೈಯಲ್ಲಿ ಬಳೆಗಳಿದ್ದವು, ಆದರೆ ಸದ್ದು ಕೇಳಿಸುತ್ತಿರಲಿಲ್ಲ.

ರೇವಮ್ಮ


ಅತನೂರ
28 ಮಾರ್ಚ್ 1989

ರೇವಿ ಬೇಟಾ,

ಇದು ನಿಮ್ಮವ್ವ ಬರಸಿದ್ದಲ್ಲ. ನಿನ್ನ ಪರೀಕ್ಷಾ ಮುಗಿಯೋ ತನಕ ಏನೂ ಬರೀಬ್ಯಾಡ ಅಂತ ನನ್ನಿಂದ ಕಸಮ್ ತಗೊಂಡಾಳ. ಕಸಮ್ ಮುರದು ಬರ್ಯಾಕತ್ತೇನಿ. ಇಂಥ ಸುದ್ದಿ ಹೊಟ್ಟ್ಯಾಗ ಇಟಗೊಂಡು ಹೊಲಿಗಿ ಹಾಕಿದ್ರ ತೋಳು ಕೊರಳಿಗೆ ಹಚ್ಚತೇನಿ.

ನಿನ್ನ ಹಿಂದಿನ ಕಾಗದ ಓದಿ ಹೇಳಿದ ದಿನದಿಂದ ಅಕಿ ನಡಕೊಂತ ಏನೋ ಬಡಬಡಿಸ್ತಿದ್ದಳು. ನೀರ ತರುವಾಗ, ರೊಟ್ಟಿ ತಟ್ಟುವಾಗ ಅದೇ. ಏನ ಮಾತಾಡಾಕತ್ತಿ ನಿಂಬೆವ್ವ ಅಂದ್ರ, "ಬಾಯಿ ರೂಢಿ ಮಾಡಾಕತ್ತೇನಿ" ಅಂತಿದ್ದಳು.

ಹೋದ ಸೋಮವಾರ ಸೈದಪ್ಪ ನಾಲ್ಕು ಮಂದಿ ಹಿರ್ಯಾರನ್ನ ಕರಕೊಂಡು ಬಂದ. ನಾನು ಕುಬಸ ಕೊಡೋ ನೆವದಾಗ ಹೋಗಿ ಒಳಗ ಕುಂತಿದ್ದೆ. ಹಿರ್ಯಾರು ಲಗ್ನದ ದಿನದ ಮಾತು ತಗದರು. ನಿಮ್ಮಪ್ಪ ಎದ್ದು ಎತ್ತಿಗೆ ನೀರ ಕುಡಸ್ತೇನಿ ಅಂತ ಹೊಂಟ. ಎತ್ತು ಆಗಲೇ ಕುಡಿದು ಮಲಗಿದ್ವು.

ನಿಮ್ಮವ್ವ ತಾಟಿನಾಗ ಆ ಬೆಳ್ಳಿ ಕಡಗ ಇಟಗೊಂಡು ಹೊರಗ ಬಂದಳು. ತಮ್ಮನ ಮುಂದ ಇಟ್ಟಳು. ತಲಿ ಮ್ಯಾಲ ಸೆರಗ ಇತ್ತು, ಆದ್ರ ಮುಖ ಎತ್ತಿ ನಿಂತಿದ್ದಳು.

"ನನ್ನ ಮಗಳು ಒಲ್ಲೆ ಅಂದಾಳ. ನಾನೂ ಒಲ್ಲೆ."

ಒಬ್ಬ ಹಿರ್ಯಾ, "ಏ ನಿಂಬೆವ್ವ, ಹೆಂಗಸರ ಮಾತು ಆಮ್ಯಾಲ" ಅಂದ. ಅಕಿ ಅವನ ಕಡಿ ನೋಡಲೂ ಇಲ್ಲ. ಇನ್ನೊಬ್ಬ, "ದೊಡ್ಡ ಮಗಳದು ಆಗಲಿ ಅಂದಿದ್ದೆಂತಲ್ಲ, ಎಲ್ಲಿದಾಳ ನಿನ್ನ ದೊಡ್ಡ ಮಗಳು?" ಅಂತ ಚಾಷ್ಟಿ ಮಾಡಿದ.

"ಅಕಿ ಲಾರಿ ಹತ್ತಿ ಹೋದಳು," ಅಂದಳು ನಿಮ್ಮವ್ವ. "ತಾಯಿ ಸುಮ್ಮ ನಿಂತಳು, ಅಕಿ ಹೋದಳು. ಇಕಿ ಹಂಗ ಹೋಗಬಾರದು. ನಾ ಹೇಳಿ ಕಳಸ್ತೇನಿ."

ಯಾರಿಗೂ ತಿಳೀಲಿಲ್ಲ. ಸೈದಪ್ಪಗ ತಿಳೀತು. ಕಡಗ ಎತ್ತಿ ಕೈಯಾಗ ಹಿಡದ. ಆಮ್ಯಾಲ, "ಅಕ್ಕಾ, ಇದನ್ನ ತಗೊಂಡು ನಾ ಹೊಸ್ತಿಲ ದಾಟಿದ್ರ ಪಂಚಮಿಗೆ ಕರಿಯಾಕ ಬರಂಗಿಲ್ಲ ನೋಡು" ಅಂದ. ಬೆದರಿಕಿ ಅನ್ನಿಸಲಿಲ್ಲ ನನಗ, ಬೇಡಿಕೊಂಡಂಗಿತ್ತು.

ನಿಮ್ಮವ್ವ ಗಕ್ಕನ ಕುಂತಳು. ಮುಗೀತು, ಸೋತಳು ಅಂದ್ಕೊಂಡೆ. ಕುಂತಲ್ಲಿಂದಲೇ ಅಂದಳು: "ಬರಬ್ಯಾಡ ತಮ್ಮಾ. ನೀ ಬ್ಯಾರೇ ಹುಡುಗೀನ ನೋಡಿ ಲಗ್ನ ಆಗು. ಹೊತ್ತಿಗೆ ಸರಿಯಾಗಿ ಉಣ್ಣು."

ಅವನು ಹೋದ. ಅಕಿ ಖಾಲಿ ತಾಟು ತಗೊಂಡು ತೊಳದಳು, ತೊಳದಿದ್ದನ್ನೇ ಮತ್ತ ತೊಳದಳು. ಸಂಜಿಮುಂದ ನಿಮ್ಮಪ್ಪ ಬಂದು ತಾನೇ ಒಲಿ ಹಚ್ಚಿ ಚಹಾ ಮಾಡಿ ಅಕಿ ಮುಂದ ಇಟ್ಟ. ಸಕ್ಕರಿ ಹಾಕೋದು ಮರತಿದ್ದ. ಅಕಿ ಕುಡದಳು.

ಛಲೋ ಬರಿ ಪರೀಕ್ಷಾ.

ಖುರ್ಷಿದಬೇಗಂ


ಜೇವರ್ಗಿ
24 ಜುಲೈ 1989

ಅವ್ವಾ,

ಇಲ್ಲಿಯ ಒಂದು ಖಾಸಗಿ ಹೈಸ್ಕೂಲಿನಲ್ಲಿ ಕಲಿಸಲು ಸೇರಿ ತಿಂಗಳಾಯಿತು. ಮಕ್ಕಳು ನನ್ನನ್ನು ಬಾಯಿಯವರೇ ಅನ್ನುತ್ತವೆ. ಮೊದಲ ದಿನ ಯಾರನ್ನೋ ಕರೆಯುತ್ತಿವೆ ಎಂದು ಹಿಂದೆ ತಿರುಗಿ ನೋಡಿದೆ.

ಪ್ರಬಂಧದ ಸುದ್ದಿ ಹೇಳಲೇ ಇಲ್ಲ ನಾನು. ಪಾತ್ರಗಳ ಬಗ್ಗೆ ಚೆನ್ನಾಗಿ ಬರೆದಿದ್ದೀ, ಆದರೆ ಆ ಕೈಯ ಅರ್ಥವನ್ನು ಬಿಡಿಸಿಲ್ಲ ಎಂದು ಗುರುಶಾಂತಮ್ಮ ಬಾಯಿಯವರು ಅಂಚಿನಲ್ಲಿ ಕೆಂಪು ಗೆರೆ ಎಳೆದಿದ್ದರು. ಬಿಡಿಸಲಾಗಲಿಲ್ಲ. ಬರೆಯಲು ಕುಳಿತಾಗೆಲ್ಲ ಖಾಲಿ ತಾಟು ತೊಳೆಯುವ ನಿನ್ನ ಕೈಯೇ ಅಡ್ಡ ಬರುತ್ತಿತ್ತು. ಪುಸ್ತಕವನ್ನು ನಾನೇ ಇಟ್ಟುಕೊಳ್ಳಲು ಅವರು ಒಪ್ಪಿದರು. ಉಡಿಯ ಗಂಟು ಅದರ ಪಕ್ಕದಲ್ಲೇ ಇದೆ. ಜೋಳಕ್ಕೆ ಹುಳ ಬಿದ್ದಿದೆ. ಎಸೆದಿಲ್ಲ.

ಈಗ ಮುಖ್ಯ ಮಾತು. ಪಂಚಮಿಯ ಮುಂಚಿನ ದಿನ ನಾನು ಅತನೂರಿಗೆ ಬರುತ್ತೇನೆ. ಮಗಳಾಗಿ ರಜೆಗೆ ಬರುತ್ತಿಲ್ಲ. ಕರೆಯಲು ಬರುತ್ತಿದ್ದೇನೆ. ತವರಿನವರು ಹೇಗೆ ಬರುತ್ತಾರೋ ಹಾಗೆ, ಹೊಸ ಸೀರೆ, ಬಳೆ, ಜೋಳದ ಅಳ್ಳು, ಉಂಡಿ ತಗೊಂಡು ಬಂದು, ಹೊಸ್ತಿಲ ಹೊರಗೆ ನಿಂತು ಕರೆಯುತ್ತೇನೆ. ತವರು ಅಂದರೆ ಗಂಡಸೇ ಆಗಬೇಕು, ತಮ್ಮನೇ ಆಗಬೇಕು ಎಂದು ಯಾವ ಕಲ್ಲಿನ ಮೇಲೆ ಕೆತ್ತಿದೆ? ಕೆತ್ತಿದ್ದರೆ ಆ ಕಲ್ಲನ್ನು ಒಡೆಯೋಣ. ಅಪ್ಪ ಏನಾದರೂ ಅಂದರೆ, ಅದು ತಾಯಿ ಮಗಳ ಮಾತು, ನೀ ನಡುವೆ ಬರಬೇಡ ಎಂದು ನಾನೇ ಹೇಳುತ್ತೇನೆ.

ನಾನಿರುವುದು ಸಲಾವುದ್ದೀನ ಸಾಹೇಬರ ಮನೆಯ ಹಿಂದಿನ ಖೋಲಿ. ಅವರ ಅಂಗಳದಲ್ಲಿ ಹಳೆಯ ಬೇವಿನ ಗಿಡವಿದೆ. ಹಗ್ಗ ಕಟ್ಟಲೇ ಎಂದು ಕೇಳಿದೆ. "ಯಾರು ಜೀಕ್ತಾರ?" ಅಂದರು. ನಮ್ಮವ್ವ ಅಂದೆ. ಒಮ್ಮೆ ನನ್ನನ್ನು ನೋಡಿದರು, ಒಮ್ಮೆ ಕೊಂಬೆಯನ್ನು ನೋಡಿದರು. "ಗಟ್ಟಿ ಹಗ್ಗ ತರಬೇಕು" ಅಂತ ಒಳಗೆ ಹೋದರು.

ದಾರಿ ನೋಡು. ಬರುತ್ತೇನೆ.

ರೇವಿ


ಅತನೂರ
31 ಜುಲೈ 1989

ರೇವಿ,

ಬಾ. ಹೊತ್ತು ಮುಣುಗೋದರೊಳಗ ಬಾ. ಕರಿಯಾಕ ಬಂದವರನ್ನ ಉಣಿಸಲಾರದ ಕಳಸಬಾರದು, ಹೋಳಿಗಿ ಮಾಡತೇನಿ. ಹೊರಗ ನಿಂತು ಕರೀ, ಓಣಿ ಮಂದಿಗೆ ಕೇಳಲಿ. ನಾ ಒಂದೇ ಸಲಕ್ಕ ಓ ಅನ್ನಂಗಿಲ್ಲ, ತವರಿಗೆ ಹೋಗಾವರು ಜರಾ ಬಿಂಕ ಮಾಡಬೇಕು.

ತಮ್ಮಗ ಅಫಜಲಪುರದ ಕಡಿ ಹುಡುಗಿ ನೋಡ್ಯಾರಂತ. ದಾವಲಸಾಬ ಹೇಳಿದ. ಕೇಳಿ ಕಣ್ಣಾಗ ನೀರು ಬಂತು. ಯಾವುದಕ್ಕ ಬಂತೋ.

ಖುರ್ಷಿದನ ಕಡಿಂದ ಎರಡು ಕುಬಸ ಹೊಲಸೀನಿ, ಎರಡೂ ನಿನ್ನ ಅಳತಿವು. ಒಂದು ಪುಸ್ತಕದಾಗಿನ ಅಕಿದು. ಹುಳ ಬಿದ್ದ ಜೋಳ ಗುಬ್ಬಿಗೆ ಹಾಕು. ಹೊಸಾದು ತರತೇನಿ, ಮತ್ತ ತುಂಬತೇನಿ.

ನಿಮ್ಮ ಬಾಯಿಯವರಿಗೆ ಆ ಕೈ ಬಿಡಿಸಿ ಹೇಳಾಕ ಆಗಲಿಲ್ಲಂತ ಬರದೀದಿ. ಖುರ್ಷಿದ ಓದಿದಾಗಿಂದ ನನಗ ಅದೇ ವಿಚಾರ. ಆ ಹುಡುಗಿ ಅವ್ವ ಕೈ ಬೀಸಿಲ್ಲ ರೇವಿ. ಗಾಜನೇ ಒರಸ್ಯಾಳ. ಚುಮುಚುಮು ಬೆಳಗು, ಒಲಿ ಹೊಗಿ ಹಿಡದ ಗಾಜು. ಒರಸದಿದ್ರ ಹೋಗೋ ಮಗಳು ಹ್ಯಾಂಗ ಕಾಣಬೇಕು?

ನಿಮ್ಮವ್ವ
ನಿಂಬೆವ್ವ (ಹೆಬ್ಬೆಟ್ಟು)